ನಿಧಾನದ ಮಾಟಗಾತಿ

ನವೆಂಬರ್ ೧೪, ಗುರುವಾರ.

ಈ ಮಾಟಗಾತಿಯ ಆಡಿಯೋ ಪುಸ್ತಕದಷ್ಟು ನನ್ನ ತಲೆ ತಿಂದದ್ದು ಬೇರೊಂದಿಲ್ಲ. ವಾರವಿಡೀ ಹೊಲಿಯುತ್ತಾ ಕೇಳಿದೆ. ರಾಜರ ಕಾಲವಂತೆ, ಮಂತ್ರದ ಕಾಡಂತೆ. ಮಾಟಗಾತಿ ಮಾತ್ರ ಇನ್ನೂ ಬೇರು ಅರೆಯುತ್ತಲೇ ಇದ್ದಾಳೆ. ಊರವರಿಗೆ ಅವಳ ಮೇಲೆ ಅನುಮಾನ ಹುಟ್ಟುವಷ್ಟರಲ್ಲಿ ಅರ್ಧ ಪುಸ್ತಕ ಮುಗಿದಿತ್ತು.

ನಮ್ಮ ಹೊಲಿಗೆ ಕೋಣೆಯಲ್ಲಿ ಅದಕ್ಕೆ ಒಂದು ಟೀ ಕುಡಿಯುವಷ್ಟು ಹೊತ್ತು ಸಾಕಾಯಿತು.

ಇವತ್ತು ಮತ್ತೆ ಸೂಜಿಗಳು ಮುರಿದವು. "ಆ ಹೊಸಬಳು ಬಂದ್ಮೇಲೇ ಹೀಗಾಗ್ತಿರೋದು. ಅವಳ ಕಣ್ಣೇ ಸರಿ ಇಲ್ಲ," ಎಂದಳು ಕಾಲರ್ ಹೊಲಿಯುವವಳು. ಉಳಿದವರು ಹೂಂಗುಟ್ಟಿದರು. ಸೂಪರ್‌ವೈಸರ್ ಹೊಸಬಳ ಮೆಷಿನ್ನನ್ನು ಬಾಗಿಲ ಮೂಲೆಗೆ ತಳ್ಳಿಸಿದ. ದಪ್ಪ ಬಟ್ಟೆಗೆ ಹಳೆಯ ಸಣ್ಣ ಸೂಜಿಯನ್ನೇ ಹಾಕಿದರೆ ಮುರಿಯದೆ ಇನ್ನೇನಾಗುತ್ತದೆ? ಅದು ನನಗೆ ಗೊತ್ತು. ಬೇರೆ ಸೂಜಿ ತರಿಸದ ಸೂಪರ್‌ವೈಸರ್‌ಗೂ ಗೊತ್ತು.

ಹೊಸಬಳು ಸೀದಾ ನನ್ನ ಹತ್ತಿರ ಬಂದು ನಿಂತಳು. "ಅಕ್ಕಾ, ಸೂಜಿ ವಿಷ್ಯ ನೀವಾದ್ರೂ ಹೇಳಿ."

ಮೆಷಿನ್‌ಗಳೆಲ್ಲ ಒಮ್ಮೆಲೇ ನಿಂತವು. ಎಲ್ಲರ ಕಣ್ಣೂ ನನ್ನ ಮೇಲೆ.

ನಾನು ಕಿವಿಯಲ್ಲಿದ್ದ ಇಯರ್‌ಫೋನ್ ತೋರಿಸಿ, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದೆ.

ಬೇಸತ್ತು ಆ ಕಥೆಯನ್ನು ಬೆಳಿಗ್ಗೆಯೇ ನಿಲ್ಲಿಸಿದ್ದೆ.