ದಿಬ್ಬದ ಎರಡೂ ಬದಿಗೆ ಒಂದೇ ಪಾಳಿ

೯ ನವೆಂಬರ್ ೨೦೦೬, ಬಿಳೂರ

ಕಾಲೇಜಿನ ಪ್ರಾಜೆಕ್ಟಿಗೆ ದಾರಿ ತೋರುವ ಗೈಡ್ ಸರ್ ಮಾತು ಕಟ್ಟಿಕೊಂಡು ತಿಂಗಳಿಡೀ ಕೆಟ್ಟೆ. ಒಮ್ಮೆಗೆ ಒಂದೇ ಪೆಟ್ಟಿಗೆ ಮಾತಾಡಬೇಕಂತೆ, ಎರಡು ಒಟ್ಟಿಗೆ ಮಾತಾಡಿದರೆ ಕಲಸಿಹೋಗುತ್ತದಂತೆ! ದಿಬ್ಬದ ಎರಡೂ ಬದಿಗೆ ಹರಡಿದ ನಮ್ಮ ದ್ರಾಕ್ಷಿ ತೋಟದ ತೇವ ಅಳೆದು ರೇಡಿಯೊದಲ್ಲಿ ಹೇಳುವ ಪೆಟ್ಟಿಗೆಗಳು ಪಾಳಿಗೆ ಕಾಯುತ್ತ, ಎಚ್ಚರವಿದ್ದೇ ಬ್ಯಾಟರಿ ತಿಂದು ಮುಗಿಸುತ್ತಿದ್ದವು.

ಸಂಜೆ ದಿಬ್ಬದ ಮೇಲೆ ನಿಂತಿದ್ದೆ. ಈಚೆ ಅಮ್ಮೀ ಆಡುಗಳನ್ನು ಕರೆದಳು. ಅದೇ ಗಳಿಗೆಗೆ ಆಚೆ ನೆರೆಯ ಇಂದ್ರಾಬಾಯಿ ತನ್ನವನ್ನು ಕರೆದಳು. ಒಂದು ಆಡೂ ದಾರಿ ತಪ್ಪಲಿಲ್ಲ; ದಿಬ್ಬ ಅಡ್ಡವಿದ್ದು ಒಂದು ಬದಿಯ ಕೂಗು ಇನ್ನೊಂದಕ್ಕೆ ಮುಟ್ಟಲೇ ಇಲ್ಲ.

ಓಡಿಬಂದು ಆಚೆಗೊಂದು, ಈಚೆಗೊಂದು ಪೆಟ್ಟಿಗೆಗೆ ಒಂದೇ ಪಾಳಿ ಕೊಟ್ಟೆ. ಕೇಳಿಸಿಕೊಳ್ಳುವ ಯಂತ್ರ ಎರಡೂ ಬದಿಗೆ ಬೇರೆಯೇ ಇದೆಯಲ್ಲ! ಅರ್ಧ ಹೊತ್ತಿನಲ್ಲೇ ಪೆಟ್ಟಿಗೆಗಳೆಲ್ಲವೂ ಹೇಳಿ ಮುಗಿಸಿ, ಬ್ಯಾಟರಿ ಉಳಿಸಿ ಮಲಗಿದವು. ಒಂದು ಮಾತೂ ಕಳೆಯಲಿಲ್ಲ.

"ಎಲ್ಲಾ ಮಲಗಿದ್ವೇನ ಬೇಟಾ?" ಅಬ್ಬಾ ಕೇಳಿದರು.

"ಹೂಂ ಅಬ್ಬಾ."

"ಹಂಗಾರ ನೀನೂ ಮಲಕೋ."

ಮಲಗುವುದೆಲ್ಲಿ! ಇನ್ನೇನು ಅವು ಮತ್ತೆ ಏಳುತ್ತವೆ, ಎರಡೂ ಬದಿ ಒಟ್ಟಿಗೇ, ಅದನ್ನು ಕೇಳದೆ ನಾನು…