ನಾಟಿ ಗದ್ದೆಯ ನಿರುದ್ಯೋಗಿಗಳ ಬಗ್ಗೆ

ದೂರಶಿಕ್ಷಣ ಕೇಂದ್ರದ ಮಾನ್ಯ ನಿರ್ದೇಶಕರೇ,

ನಾನು ಬರೆಯದ ಪಾಠಕ್ಕೆ ನನ್ನ ಹೆಸರು ಹಾಕಿದ್ದೀರಿ. ಆ ಪಾಠವನ್ನು ಒಪ್ಪದ ನನ್ನ ವಿದ್ಯಾರ್ಥಿನಿಯನ್ನು ಫೇಲು ಮಾಡಿದ್ದೀರಿ. ಕಚೇರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ತಮಗೆ ಪುರುಸೊತ್ತಿಲ್ಲದಿದ್ದರೂ ಊರಿನವರಿಗೆ ಇದ್ದೀತು ಎಂದುಕೊಂಡು ಈ ಸಲ ಪತ್ರಿಕೆಗೇ ಬರೆಯುತ್ತಿದ್ದೇನೆ.

ಬಿ.ಎ. ಕೊನೆಯ ವರ್ಷದ ಗ್ರಾಮೀಣ ಅರ್ಥಶಾಸ್ತ್ರಕ್ಕೆ ಕಲಿಕಾ ಪುಸ್ತಿಕೆ ಸಿದ್ಧಪಡಿಸಿಕೊಡಿ ಎಂದು ಕೇಳಿದವರು ತಾವೇ. ಮೇಷ್ಟ್ರಿಲ್ಲದೆ ಮನೆಯಲ್ಲೇ ಕೂತು ಓದುವವರಿಗೆ ಅರ್ಥವಾಗಬೇಕು, ಸುತ್ತಮುತ್ತಲ ಬದುಕಿನಿಂದ ಉದಾಹರಣೆ ಇರಬೇಕು ಎಂದು ತಮ್ಮ ಸೂಚನೆಯಲ್ಲೇ ಇತ್ತು. ನಾನು ಅದನ್ನು ನಿಜವೆಂದು ನಂಬಿದೆ. ‘ದುಡಿಮೆ ಮತ್ತು ಕೂಲಿ’ ಎಂಬ ನಾಲ್ಕನೆಯ ಘಟಕದಲ್ಲಿ ನಮ್ಮ ಕಡೆಯ ಮುಯ್ಯಾಳು ಪದ್ಧತಿಯ ಬಗ್ಗೆ ವಿವರವಾಗಿ ಬರೆದೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ದುಡ್ಡು ಕೈ ಬದಲಾಗುವುದಿಲ್ಲ, ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ಬೆಲೆ. ಕೊಪ್ಪ, ನರಸಿಂಹರಾಜಪುರ ಕಡೆಯ ಸಣ್ಣ ಹಿಡುವಳಿಯವರ ನಾಟಿ ಮುಗಿಯುವುದೇ ಹೀಗೆ. ಅರ್ಥಶಾಸ್ತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ?

ಪುಸ್ತಿಕೆ ಅಚ್ಚಾಗಿ ಕೈಗೆ ಬಂದಾಗ ಮುಖಪುಟದಲ್ಲಿ ನನ್ನ ಹೆಸರಿತ್ತು, ಒಳಗೆ ಮುಯ್ಯಾಳು ಇರಲಿಲ್ಲ. ಆ ಜಾಗದಲ್ಲಿ ಮೂರು ಪಾಳಿಯ ಜವಳಿ ಗಿರಣಿಯೊಂದು ಬಂದು ಕೂತಿತ್ತು. ಫೋನ್ ಮಾಡಿ ಕೇಳಿದರೆ, ಬಯಲುಸೀಮೆಯ ಹುಡುಗರಿಗೆ ನಿಮ್ಮ ಮಲೆನಾಡಿನ ಸಂಗತಿ ಎಲ್ಲಿ ಗೊತ್ತಿರುತ್ತದೆ ಎಂದು ತಮ್ಮ ಕಚೇರಿಯವರು ನನಗೇ ಪಾಠ ಹೇಳಿದರು. ನಮ್ಮ ಹುಡುಗರಿಗೆ ಜವಳಿ ಗಿರಣಿ ಎಲ್ಲಿ ಗೊತ್ತಿತ್ತು ಸ್ವಾಮಿ? ಗೊತ್ತಿಲ್ಲದ್ದನ್ನು ತಿಳಿಸುವುದಕ್ಕೇ ಅಲ್ಲವೇ ಪುಸ್ತಕ ಬರೆಸುವುದು?

ಹೋಗಲಿ, ಗಿರಣಿಯನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಘಟಕದ ಕೊನೆಗೆ ತಾವು ಸೇರಿಸಿದ ಸಮೀಕ್ಷೆಯ ಫಾರಂ ನೋಡಿ ಮೈಯೆಲ್ಲ ಉರಿಯಿತು. ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಒಂದು ದಿನ ಓಡಾಡಿ, ಯಾರಿಗೆ ದಿನಕ್ಕೆ ಎಷ್ಟು ಕೂಲಿ ಎಂದು ಕೇಳಿ ಬರೆಯಬೇಕು. ‘ಕೂಲಿ ಅಥವಾ ಸಂಬಳ ಇಲ್ಲದವರನ್ನು ನಿರುದ್ಯೋಗಿ ಎಂದು ನಮೂದಿಸುವುದು’ ಎಂದು ಕೆಳಗೆ ದಪ್ಪಕ್ಷರದಲ್ಲಿ ಅಪ್ಪಣೆ ಬೇರೆ.

ಕಾವ್ಯ ಎಂಬ ಹುಡುಗಿ ಕಳೆದ ಮಳೆಗಾಲದಲ್ಲಿ ಈ ಫಾರಂ ಹಿಡಿದುಕೊಂಡು ತನ್ನೂರು ಸೀತೂರಿನ ಗದ್ದೆಗೆ ಹೋದಳು. ಕೊಪ್ಪದಲ್ಲಿ ನಾನು ನಡೆಸುವ ಭಾನುವಾರದ ತರಗತಿಗೆ ಎರಡು ಬಸ್ಸು ಬದಲಾಯಿಸಿ ಬರುವವಳು. ಅಂದು ವಾಸಪ್ಪ ಎಂಬವರ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಕಾವ್ಯಳ ತಾಯಿ ಸರೋಜಮ್ಮನವರೂ ಸೇರಿ ಇಡೀ ಕೇರಿಯೇ ಬೆಳಗಿನಿಂದ ಕೆಸರಿನಲ್ಲಿ ಬಗ್ಗಿ ನಿಂತಿತ್ತು. ಕೂಲಿ ಎಷ್ಟು ಎಂದು ಕೇಳಿದ್ದಕ್ಕೆ ಅವರೆಲ್ಲ ನಕ್ಕರಂತೆ. “ಎಂತ ಕೂಲಿ ಮಾರಾಯ್ತಿ? ನಾಳೆ ಇವ್ರು ನಮ್ ಗದ್ದೆಗೆ ಬತ್ತಾರಲ್ಲ” ಎಂದರಂತೆ. ತಮ್ಮ ಅಪ್ಪಣೆಯ ಪ್ರಕಾರ ಆ ದಿನ ಆ ಗದ್ದೆಯಲ್ಲಿ ಬೆನ್ನು ಮುರಿಯುತ್ತಿದ್ದವರೆಲ್ಲರೂ ನಿರುದ್ಯೋಗಿಗಳು. ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ ಪಿಂಚಣಿದಾರರು ಯಾರಾದರೂ ಇದ್ದಿದ್ದರೆ ಅವರನ್ನು ಯಾವ ಕಾಲಮ್ಮಿಗೆ ಸೇರಿಸುತ್ತಿದ್ದಿರೋ ನನಗೆ ತಿಳಿಯದು.

ಏನು ಮಾಡಲಿ ಎಂದು ಅವಳು ನನ್ನನ್ನು ಕೇಳಿದಳು. ಕಣ್ಣಿಗೆ ಕಂಡದ್ದನ್ನು ಬರೆ, ಕೂಲಿ ಯಾಕಿಲ್ಲ ಎಂದು ವಿವರಿಸು ಎಂದೆ. ಅವಳು ಹಾಗೆಯೇ ಬರೆದಳು. ‘ಘಟಕದ ಸೂಚನೆ ಪಾಲಿಸಿಲ್ಲ’ ಎಂದು ಷರಾ ಬರೆದು ತಾವು ಸೊನ್ನೆ ಕೊಟ್ಟಿರಿ. ಅದೇ ತರಗತಿಯಲ್ಲಿ ಕಮ್ಮರಡಿಯ ವಿಜಯ್ ಎಂಬ ಹುಡುಗನಿದ್ದಾನೆ, ಜಾಣ. ನಾಟಿಯ ತಿಂಗಳಲ್ಲಿ ಊರಿನಲ್ಲಿ ನಿರುದ್ಯೋಗ ತೀವ್ರವಾಗಿದ್ದು ಸರ್ಕಾರ ತುರ್ತಾಗಿ ಗಮನ ಹರಿಸಬೇಕು ಎಂದು ಬರೆದುಕೊಟ್ಟ. ಅವನಿಗೆ ಅತಿ ಹೆಚ್ಚು ಅಂಕ, ಜೊತೆಗೆ ‘ಉತ್ತಮ ವಿಶ್ಲೇಷಣೆ’ ಎಂಬ ಹೊಗಳಿಕೆ. ಅವನನ್ನು ನಾನು ಬೈಯಲಾರೆ, ಪಾಸಾಗುವುದು ಹೇಗೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ತಮ್ಮ ಕಚೇರಿಗೂ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ಮೌಲ್ಯಮಾಪನ ವಿಭಾಗದ ಮೇಲ್ವಿಚಾರಕರು ಪುಸ್ತಿಕೆ ಬಿಡಿಸಿ, ಆ ಸಾಲಿನ ಮೇಲೆ ಬೆರಳಿಟ್ಟು, “ಲೇಖಕರೇ ಹೀಗೆ ಬರೆದಿರುವಾಗ ನಾವೇನು ಮಾಡೋಕಾಗುತ್ತೆ?” ಎಂದರು. ಆ ಲೇಖಕ ನಾನೇ ಎಂದೆ. ಅವರು ಮುಖಪುಟ ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು. “ಹಾಗಾದ್ರೆ ನಿಮಗೇ ಗೊತ್ತಿರಬೇಕಲ್ಲ ಸಾರ್” ಎಂದರು. ನನ್ನ ಮಾತನ್ನೇ ನನ್ನೆದುರು ಸಾಕ್ಷಿಗೆ ನಿಲ್ಲಿಸಿದ ಮೇಲೆ ನಾನು ಯಾರ ಹತ್ತಿರ ವಾದ ಮಾಡಲಿ? ಕೊನೆಗೆ ಅವರೇ ದೊಡ್ಡ ಮನಸ್ಸು ಮಾಡಿ, ಹುಡುಗಿ ಘಟಕದ ಪ್ರಕಾರ ಇನ್ನೊಮ್ಮೆ ಬರೆದುಕೊಟ್ಟರೆ ಪಾಸು ಮಾಡುತ್ತೇವೆ ಎಂದು ದಾರಿ ತೋರಿಸಿದರು.

ಕಾವ್ಯಳಿಗೆ ಶಿವಮೊಗ್ಗದಲ್ಲಿ ಬಿ.ಎಡ್. ಸೀಟು ಸಿಕ್ಕಿದೆ. ಈ ತಿಂಗಳ ಕೊನೆಯೊಳಗೆ ಪದವಿಯ ಅಂಕಪಟ್ಟಿ ಒಪ್ಪಿಸದಿದ್ದರೆ ಸೀಟು ಬೇರೆಯವರ ಪಾಲಾಗುತ್ತದೆ. ಟೀಚರ್ ಆಗಬೇಕೆಂದು ಎಷ್ಟು ವರ್ಷದಿಂದ ಹಂಬಲಿಸುತ್ತಿದ್ದಾಳೋ ಅವಳ ಮನೆಯವರಿಗೇ ಗೊತ್ತು. ಹಟ ಬೇಡ, ಅವರು ಹೇಳಿದಂತೆ ಬರೆದುಕೊಟ್ಟುಬಿಡು ಎಂದು ನಾನೇ ಹೇಳಿದೆ. ಹೇಳುವಾಗ ನನಗೆ ಅವಮಾನವಾಯಿತು. ಅವಳು ಹೊಸ ಫಾರಂ ಇಸಿದುಕೊಂಡು ಹೋದಳು.

ಮೊನ್ನೆ ಭಾನುವಾರ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ವಾಸಪ್ಪ ನಿರುದ್ಯೋಗಿ, ಚಿಕ್ಕಕ್ಕ ನಿರುದ್ಯೋಗಿ, ಬೂತಪ್ಪ ನಿರುದ್ಯೋಗಿ. ಅಕ್ಷರ ದುಂಡಗಿತ್ತು. ಸರೋಜ ಎಂಬ ಹೆಸರಿನ ಮುಂದೆ ಮಾತ್ರ ಏನೂ ಬರೆದಿರಲಿಲ್ಲ.

“ಉಳಿದವ್ರದೆಲ್ಲ ಬರ್ದೆ ಸಾರ್. ಅಮ್ಮಂದು ನನ್ ಕೈಲಿ ಆಗ್ಲಿಲ್ಲ. ನೀವೇ ಬರ್ದ್‌ಬಿಡಿ” ಎಂದಳು.

ಪೆನ್ನು ತೆಗೆದೆ. ಒಂದೇ ಒಂದು ಪದ, ಹುಡುಗಿಯ ಬದುಕು ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬರೆಯಲಾಗಲಿಲ್ಲ. ಅವಳೆದುರು ಅಂತೂ ಆಗಲಿಲ್ಲ, ಅವಳು ಹೋದ ಮೇಲೂ ಆಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕಾವ್ಯ ಮೊದಲು ಬರೆದುಕೊಟ್ಟಿದ್ದನ್ನು ತರಿಸಿ ಓದಿ, ನ್ಯಾಯವಾಗಿ ಅಂಕ ಕೊಡಿ. ತಿಂಗಳು ಮುಗಿಯುವುದರೊಳಗೆ ಅವಳ ಅಂಕಪಟ್ಟಿ ಕಳಿಸಿ. ಪುಸ್ತಿಕೆಯಲ್ಲಿ ನನ್ನ ಪುಟಗಳನ್ನು ಮರಳಿ ಸೇರಿಸಿ, ಇಲ್ಲವೇ ನನ್ನ ಹೆಸರನ್ನು ತೆಗೆಯಿರಿ. ಇದ್ಯಾವುದೂ ಸಾಧ್ಯವಿಲ್ಲ, ನಿಯಮ ಎಂದರೆ ನಿಯಮ ಎನ್ನುವುದಾದರೆ ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ಎರಡನೆಯ ಫಾರಂ ಅನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ತಮ್ಮ ಹೆಸರಿಗೇ ಕಳಿಸಿದ್ದೇನೆ. ಮಗಳ ಕೈಲಿ ಆಗದ ಕೆಲಸ ಅದು, ಮೇಷ್ಟ್ರ ಕೈಲೂ ಆಗಲಿಲ್ಲ. ಸರೋಜಮ್ಮನವರ ಹೆಸರಿನ ಮುಂದೆ ಜಾಗ ಖಾಲಿ ಇದೆ, ತಾವೇ ಬರೆಯಿರಿ.

ಇಂತಿ,
ಮುಖಪುಟದಲ್ಲಿ ಮಾತ್ರ ಲೇಖಕನಾಗಿರುವ,
ಸುದರ್ಶನ
ಅರ್ಥಶಾಸ್ತ್ರ ಉಪನ್ಯಾಸಕ, ಕೊಪ್ಪ
ಜೂನ್ 2005