ಮೆತ್ತಗೆ ಮಾತಾಡಿ

ಅಂಗಡಿಯ ಮೇಲಿನ ಮನೆ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ನಿನ್ನ ಗಂಟಲು ಕಟ್ಟಿದೆ ಎಂದು ಅತ್ತಿಗೆ ಹೇಳಿದರು. ಬಿಸಿನೀರು ಕುಡಿ, ಎರಡು ದಿನ ಬಾಯಿ ಮುಚ್ಚಿಕೊಂಡಿರು ಎನ್ನೋಣವೆಂದರೆ ಎರಡನೆಯದು ನಿನ್ನ ಕೈಲಾಗುವ ಕೆಲಸವಲ್ಲ. ಬಿಸಿನೀರನ್ನಾದರೂ ಕುಡಿ. ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮನಿಗೆ ಬಲಗೈ ಇನ್ನೂ ಏಳುತ್ತಿಲ್ಲ, ಮಾತು ಬಂದಿಲ್ಲ, ಆದರೆ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀನು ನಾಲ್ಕು ಮುಗಿಸಿರುತ್ತೀಯ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕೂತು ಪೂರ್ತಿ ಓದು.

ಮುಂದಿನ ಭಾನುವಾರ ಕಾರು ತಂದು ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದೆಯಲ್ಲ, ಅದಕ್ಕೆ ನನ್ನ ಉತ್ತರ: ಬೇಡ. ನಾನು ಕಳಿಸುವುದಿಲ್ಲ. ನಿನ್ನ ಮನೆಯೇನು ಮನೆಯೇ? ಬಾಗಿಲಿಗೆ ಚಿಲಕ ಬಿದ್ದದ್ದನ್ನು ನಾನಂತೂ ನೋಡಿಲ್ಲ. ಪಕ್ಕದ ಮನೆಯವರು, ಅವರ ಮಕ್ಕಳು, ನಿನ್ನ ಆಫೀಸಿನವರು, ಯಾರೂ ಕೇಳದೆ ಒದರುತ್ತಿರುವ ಟೀವಿ. ಬಸ್ ಸ್ಟ್ಯಾಂಡಿನಲ್ಲಿ ಹಾಸಿಗೆ ಹಾಸಿ ಮಲಗಿಸಿದ ಹಾಗಾಗುತ್ತದೆ ಅಮ್ಮನಿಗೆ.

ಕಳೆದ ತಿಂಗಳು ಅವಳ ಹುಟ್ಟುಹಬ್ಬಕ್ಕೆ ನೀನು ಬಂದದ್ದನ್ನು ಮರೆತಿಲ್ಲ ನಾನು. ಬೀದಿ ತಿರುವಿನಲ್ಲೇ ನಿನ್ನ ದನಿ ಕೇಳಿತು, ಹಿಂದೆ ದಂಡು. ಒಂದು ಮಂಚ, ಒಂದು ಕುರ್ಚಿ ಹಿಡಿಸುವ ಕೋಣೆಯೊಳಗೆ ಅಷ್ಟೂ ಜನರನ್ನು ತುಂಬಿ, ಚಪ್ಪಾಳೆ ತಟ್ಟಿಸಿ, ಹಾಡಿಸಿದೆ. ಅಮ್ಮ ಅತ್ತಳು. "ನೋಡಿ ನೋಡಿ, ಖುಷಿಗೆ ಅಳ್ತಿದಾಳೆ!" ಎಂದು ನೀನು ಕುಣಿದೆ. ಸೊಟ್ಟಗಾದ ಬಾಯಿಯಿಂದ ಜೊಲ್ಲು ಸುರಿಯುವಾಗ ಗುರುತಿಲ್ಲದವರೆಲ್ಲ ಬಂದು ನೋಡಿದರೆ ಯಾರಿಗಾದರೂ ಅಳು ಬರುತ್ತದೆ ಎಂದು ನಾನು ಒಳಗೊಳಗೇ ಕುದ್ದೆ. ಆಮೇಲೆ ಎಲ್ಲರೆದುರು, "ನನ್ನ ತಂಗಿ ಜೊತೆ ಇದ್ರೆ ಗೋಡೆಗೂ ಮಾತು ಮರೆತುಹೋಗುತ್ತೆ ಕಣ್ರೀ" ಎಂದೆ. ಎಲ್ಲರೂ ನಕ್ಕರು. ಗೋಡೆಯ ಆಚೆ ನಿಮ್ಮ ಲೋಟಗಳನ್ನು ತೊಳೆಯುತ್ತಿದ್ದವಳಿಗೆ ಕಿವಿ ಇತ್ತು, ಅಣ್ಣಾ. ನೀನು ಕೈಬೀಸಿ ಹೊರಟುಹೋದೆ, ಅಮ್ಮನ ಒದ್ದೆ ಹಾಸಿಗೆ ಬದಲಿಸಿದ್ದು ನಾನು.

ಚಿಕ್ಕಂದಿನಿಂದಲೂ ಇದೇ ಕಥೆ. ಮನೆಗೆ ಯಾರಾದರೂ ಬಂದರೆ ನೀನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ನಾನು ಅದರ ಕೆಳಗೆ. ಗುಮ್ಮನಗುಸುಕಿ ಎಂದು ಹೆಸರಿಟ್ಟವನೂ ನೀನೇ. ಯಾರೂ ಸಿಗದ ದಿನ ನಿನ್ನ ಲೆಕ್ಕದಲ್ಲಿ ದಂಡ, ನನ್ನ ಪಾಲಿಗೆ ಅದೇ ಹಬ್ಬ. ನಾನು ಸುಮ್ಮನೆ ಕೂತರೆ ಸಾಕು, "ಏನಾಯ್ತೇ ನಿಂಗೆ?" ಎಂದು ಹಿಡಿದು ಅಲ್ಲಾಡಿಸುತ್ತಿದ್ದೆ. ಏನೂ ಆಗಿರಲಿಲ್ಲ. ಏನೂ ಆಗದೆಯೂ ಮನುಷ್ಯರು ಸುಮ್ಮನಿರುತ್ತಾರೆ ಎಂಬುದು ಈ ವಯಸ್ಸಿಗೂ ನಿನ್ನ ತಲೆಗೆ ಹತ್ತಲಿಲ್ಲವಲ್ಲ!

ಅಮ್ಮ ನನ್ನ ಹಾಗಲ್ಲ, ಅಂಗಡಿಯಲ್ಲಿ ದಿನವಿಡೀ ಮಾತಾಡುತ್ತಿದ್ದಳು ಎನ್ನುತ್ತೀಯ. ನಿಜ. ಟೇಪು ಹಿಡಿದು ತೋಳಿನ ಅಳತೆ ತೆಗೆಯುವಷ್ಟರಲ್ಲಿ ಬಂದವರ ಮೂರು ತಲೆಮಾರಿನ ಸುದ್ದಿ ತೆಗೆಯುತ್ತಿದ್ದಳು. ಆದರೆ ಅದು ವ್ಯಾಪಾರ. ಸಂಜೆ ಷಟರ್ ಎಳೆದ ಮೇಲೆ "ಅಬ್ಬಾ, ಸಾಕಪ್ಪಾ ಸಾಕು, ಕಿವಿ ತೂತಾಯ್ತು" ಎಂದು ಕಾಲು ಚಾಚಿ ಕೂರುತ್ತಿದ್ದಳಲ್ಲ, ಆಗ ನೀನು ಗೆಳೆಯರ ಜೊತೆ ಬೀದಿಯಲ್ಲಿರುತ್ತಿದ್ದೆ. ಆ ಮಾತು ಕೇಳಿದವಳು ನಾನೊಬ್ಬಳೇ. ನಾನು ಗುಂಡಿ ಹಾಕುತ್ತ, ಅವಳು ದಾರದ ಉಂಡೆ ಸುತ್ತುತ್ತ, ಇಬ್ಬರೂ ಮಾತಿಲ್ಲದೆ ಕೂರುತ್ತಿದ್ದೆವು. ನನ್ನ ಬದುಕಿನಲ್ಲಿ ಅದಕ್ಕಿಂತ ಸುಖದ ಹೊತ್ತು ಇನ್ನೊಂದಿಲ್ಲ.

ಈಗಲೂ ಹಾಗೆಯೇ ಇದ್ದೇವೆ. ಎಡಗೈಯಿಂದ ಮಂಚದ ಅಂಚಿಗೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಬೇಡ. ನಾನೇ ಕಲಿಸಿದ್ದು. ಮೊದಮೊದಲು ಒಂದು ತೊಂದರೆಯಿತ್ತು. ಕೆಳಗೆ ಅಂಗಡಿಯಲ್ಲಿ ಹೆಂಗಸರು ಗಟ್ಟಿಯಾಗಿ ನಕ್ಕರೆ ಸಾಕು, ಮೇಲೆ ಮಲಗಿದ್ದ ಅಮ್ಮ ಕೋಲಿನಿಂದ ನೆಲಕ್ಕೆ ಬಡಿಯುತ್ತಿದ್ದಳು. ಕತ್ತರಿ ಬಿಟ್ಟು ಓಡುತ್ತಿದ್ದೆ. ನೀರು ಬೇಕಾ? ಎರಡು. ಬಚ್ಚಲಿಗೆ? ಎರಡು. ನೋವಾ? ಎರಡು. ಆಮೇಲೆ ಗೋಡೆ ಕಡೆ ಮುಖ ತಿರುಗಿಸಿಬಿಡುತ್ತಿದ್ದಳು. ಗಲಾಟೆ ತಡೆಯಲಾಗುತ್ತಿಲ್ಲ ಪಾಪ ಎಂದು ಅರ್ಥವಾಯಿತು. ಅಂಗಡಿಯಲ್ಲಿ 'ಮೆತ್ತಗೆ ಮಾತಾಡಿ' ಎಂದು ಬೋರ್ಡು ಬರೆದು ಹಾಕಿದೆ. ನೋಡಬೇಕು ಎಂದು ಬಂದವರಿಗೆ, ಅಮ್ಮ ಎಚ್ಚರವಿದ್ದರೂ, "ಈಗಷ್ಟೇ ಮಲಗಿದ್ರು" ಎಂದು ಹೇಳಿ ಕಳಿಸಿದೆ. ಕೆಲವು ಗಿರಾಕಿಗಳು ಮುಖ ಊದಿಸಿಕೊಂಡು ಬೇರೆ ಅಂಗಡಿ ನೋಡಿಕೊಂಡರು, ಹೋಗಲಿ. ಈಗ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಮನೆ ತಣ್ಣಗಿದೆ. ಕೋಲಿನ ಸದ್ದೂ ನಿಂತಿದೆ. ಈ ನೆಮ್ಮದಿಯನ್ನು ಕೆಡಿಸಲು ಬರಬೇಡ.

ಖಾರವಾಗಿ ಬರೆದೆ ಎನ್ನಿಸಿದರೆ ಎನ್ನಿಸಲಿ. ಅತ್ತಿಗೆಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಅತ್ತೆಯ ಮುತ್ತು. ಗಂಟಲು ಜೋಪಾನ.

ನಿನ್ನ ತಂಗಿ,
ಗುಮ್ಮನಗುಸುಕಿ

ತಾ.ಕ.: 'ಅಮ್ಮನೇ ಬೇಡ ಅಂದಳು' ಎಂದು ಒಂದು ಸಾಲು ಸೇರಿಸಿದರೆ ನಿನ್ನ ಬಾಯಿ ಮುಚ್ಚುತ್ತದೆಂದು, ಲಕೋಟೆ ಅಂಟಿಸುವ ಮುನ್ನ ಅವಳನ್ನು ಕೇಳಲು ಹೋದೆ. "ಅಣ್ಣನ ಮನೆಗೆ" ಎಂದೆ, ಅಷ್ಟೇ. 'ಹೋಗ್ತೀಯಾ' ಎನ್ನುವ ಮೊದಲೇ ಮಂಚಕ್ಕೆ ಹೊಡೆದಳು. ಎರಡನೆಯ ಪೆಟ್ಟಿಗಾಗಿ ಕಾದೆ. ಬರಲಿಲ್ಲ. "ಕೋಲು ಬಡೀತಿದ್ದದ್ದು, ಅವರನ್ನೆಲ್ಲ ಮೇಲಕ್ಕೆ ಕರಿ ಅಂತಾನಾ?" ಎಂದು ಕೇಳಿದೆ. ಅದಕ್ಕೂ ಒಂದೇ. ಇಷ್ಟು ಮಾಡಿದವಳು ನಾನು, ಗೆದ್ದವನು ನೀನು. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಒಂದು ಸಲವಾದರೂ ನನ್ನ ಮಾತನ್ನು ಕೊನೆಯವರೆಗೆ ಕೇಳಿದಂತಾಗಲಿ. ಭಾನುವಾರ ಕಾರು ತಾ. ಅವಳ ಬಟ್ಟೆಗಳನ್ನು ಇಸ್ತ್ರಿ ಮಾಡಿ ಇಟ್ಟಿರುತ್ತೇನೆ. ಅಂಗಡಿಯ ಬೋರ್ಡು ಈಗಲೇ ತೆಗೆದೆ. ಬೀದಿ ತಿರುವಿನಿಂದಲೇ ಕೂಗುತ್ತ ಬಾ, ಅವಳಿಗೆ ಕೇಳಲಿ.